ಬಾದಶಾಹಿ ಪ್ಲಾನಿನಲ್ಲಿ ಮಾರಾಟವಾದ ಮನೆ

ಆಳಂದ ಪಟ್ಟಣದ ನಮ್ಮ ಓಣಿಯಲ್ಲಿರುವ ಶಿವಪ್ರಕಾಶನ ಮನೆಯು ಅಂತರ್ಜಾಲದ ಮೂಲಕ, ನಿಯಮಾನುಸಾರ, ಅತ್ಯಂತ ಯಶಸ್ವಿಯಾಗಿ ಮಾರಾಟವಾಗಿರುತ್ತದೆ. ಈ ಕುರಿತು ಊರಿನಲ್ಲಿ ಇಲ್ಲಸಲ್ಲದ ಮಾತುಗಳು ಹಬ್ಬಿರುವುದರಿಂದ, ಎದುರು ಮನೆಯವನೂ ತಹಶೀಲ ಕಚೇರಿಯ ನಿವೃತ್ತ ಶಿರಸ್ತೇದಾರನೂ ಆದ ನಾನು ನಡೆದದ್ದನ್ನು ನಡೆದ ಹಾಗೆ ಬರೆದಿಡುವುದು ಸೂಕ್ತವೆಂದು ಭಾವಿಸಿದ್ದೇನೆ. ನನಗೆ ಯಾರ ಮೇಲೂ ಸಿಟ್ಟಿಲ್ಲ. ನಿಯಮ ಪಾಲನೆಯಾದ ಕಡೆ ಸಿಟ್ಟು ಮಾಡಿಕೊಳ್ಳುವ ಅಭ್ಯಾಸ ನನಗೆ ನೌಕರಿಯಲ್ಲಿದ್ದಾಗಲೂ ಇರಲಿಲ್ಲ.

ಶಿವಪ್ರಕಾಶ ಬಸ್ ನಿಲ್ದಾಣದ ಹತ್ತಿರ ಸುಟ್ಟ ಪಂಪಿನ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ ಇಟ್ಟುಕೊಂಡವನು. ಅವನ ಹೆಂಡತಿ ವಿದ್ಯಾವತಿ ಜೇವರ್ಗಿ ತಾಲೂಕಿನ ಕೊಳಕೂರದ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ. ಕೋಳಿ ಕೂಗುವ ಮುಂಚೆ ಎದ್ದು ರೊಟ್ಟಿ ಬಡಿದಿಟ್ಟು, ಆಳಂದದಿಂದ ಕಲಬುರಗಿಗೆ ಒಂದು ಬಸ್ಸು, ಕಲಬುರಗಿಯಿಂದ ಜೇವರ್ಗಿಗೆ ಇನ್ನೊಂದು, ಅಲ್ಲಿಂದ ಮುಂದೆ ಮೂರು ಗಾಲಿಯ ಟಂಟಂ. ಸಂಜೆ ಇದೇ ಮೆರವಣಿಗೆ ಹಿಮ್ಮುಖವಾಗಿ. ಬಸ್ಸಿನಲ್ಲಿ ನಿಂತು ನಿಂತು ಆಕೆಯ ಸೊಂಟ ಹಿಡಿದುಹೋಗಿತ್ತು. ಓಣಿಗೆ ಬಂದವಳು ಚಪ್ಪಲಿ ಬಿಚ್ಚುವುದಕ್ಕೂ ಆಗದೆ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂಡುತ್ತಿದ್ದಳು. ನೋಡಿದವರ ಕರುಳು ಚುರ್ ಎನ್ನುತ್ತಿತ್ತು. ನನ್ನದೂ ಎಂದಿದೆ, ಆಗ ನಾನು ನಿವೃತ್ತನಾಗಿದ್ದೆ.

ಮೋಟಾರುಗಳು ಜೇವರ್ಗಿಯಲ್ಲೂ ಸುಡುತ್ತವೆ, ಆದ್ದರಿಂದ ಸಂಸಾರವನ್ನೇ ಅಲ್ಲಿಗೆ ಎತ್ತಿಹಾಕಿದರಾಯಿತು ಎಂದು ಗಂಡಹೆಂಡತಿ ತೀರ್ಮಾನಿಸಿದರು. ಜೇವರ್ಗಿಯಲ್ಲಿ ಶಾಂತಕುಮಾರ ಎನ್ನುವವರ ಮನೆಯೊಂದು ಮಾರಾಟಕ್ಕಿತ್ತು. ಮುಂದೆ ಬೇವಿನ ಮರ, ಮರದ ಕೆಳಗೇ ಕೊಳಕೂರದ ಟಂಟಂ ನಿಲ್ಲುವ ಜಾಗ. ಶಾಂತಕುಮಾರರು ಒಳ್ಳೆಯ ಮನುಷ್ಯರು. “ದೀಪಾವಳಿ ಪಾಡ್ಯದ ತನಕ ಯಾರಿಗೂ ಕೊಡಂಗಿಲ್ರಿ ಟೀಚರ್. ಅದರಾಚಿ ಮಾತ್ರ ನನ್ನ ಕೈಯಾಗಿಲ್ಲ,” ಎಂದು ಮಾತು ಕೊಟ್ಟಿದ್ದರು. ಆ ಮನೆಯ ಅಡುಗೆಕೋಣೆಯಲ್ಲಿ ಹಿಟ್ಟಿನ ಡಬ್ಬಿ ಎಲ್ಲಿಡಬೇಕೆಂಬುದನ್ನೂ ವಿದ್ಯಾವತಿ ಗೊತ್ತುಮಾಡಿಕೊಂಡು ಬಂದಿದ್ದಳು. ಪಾಡ್ಯದೊಳಗೆ ಆಳಂದದ ಮನೆ ಮಾರಬೇಕು, ಆ ದುಡ್ಡಿನಲ್ಲಿ ಜೇವರ್ಗಿಯ ಮನೆ ಕೊಳ್ಳಬೇಕು. ಉಳಿದಿದ್ದು ಅಷ್ಟೇ ಕೆಲಸ.

ನಮ್ಮ ಕಡೆ ಮನೆ ಮಾರುವುದಕ್ಕೆ ಒಂದು ರಿವಾಜು ಉಂಟು. ಗೋಡೆ ಹಂಚಿಕೊಂಡ ಮಗ್ಗುಲ ಮನೆಯವರನ್ನು ಮೊದಲು ಕೇಳಬೇಕು. ಅವರು ಬೇಡವೆಂದ ಮೇಲೆಯೇ ಹೊರಗಿನವರು. ಇದು ಯಾವ ಕಾಯಿದೆ ಪುಸ್ತಕದಲ್ಲೂ ಇಲ್ಲ, ಆದ್ದರಿಂದ ಎಲ್ಲರೂ ಪಾಲಿಸುತ್ತಾರೆ.

ಶಿವಪ್ರಕಾಶನ ಗೋಡೆಯ ಆಚೆ ವಜೀರುನ್ನಿಸಾ ಇದ್ದಾರೆ. ಓಣಿಗೆಲ್ಲ ಅವರು ಆಪಾ, ಎಂದರೆ ಅಕ್ಕ. ನಾಲ್ಕೈದು ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಶಾಲೆಯ ಸಮವಸ್ತ್ರ ಹೊಲಿಯುತ್ತಾರೆ. ಮನೆ ತುಂಬ ಬಟ್ಟೆಯ ಗಂಟು. ಗಂಟುಗಳ ನಡುವೆ ಜಾಗ ಸಿಕ್ಕರೆ ಮನುಷ್ಯರು. ಎರಡೂ ಮನೆಗಳ ನಡುವಿನ ಗೋಡೆಯಲ್ಲಿ ಒಂದು ಕಿಂಡಿ ಇದೆ, ಬಟ್ಟಲು ದಾಟುವಷ್ಟು ಅಗಲ. ಹಬ್ಬಕ್ಕೆ ಈ ಕಡೆಯಿಂದ ಶೇಂಗಾ ಹೋಳಿಗೆ ಆ ಕಡೆ ಹೋಗುತ್ತದೆ, ರಂಜಾನಿಗೆ ಆ ಕಡೆಯಿಂದ ಸುರಕುಂಬಾ ಈ ಕಡೆ ಬರುತ್ತದೆ. ಉಳಿದ ದಿನ ಮಾತು ಹೋಗಿಬರುತ್ತದೆ.

“ಮೊದ್ಲ ಆಪಾಗ ಒಂದ್ ಮಾತು ಕೇಳ್ರಿ,” ಎಂದಳು ವಿದ್ಯಾವತಿ.

“ಕೇಳ್ತೇನಿ,” ಎಂದ ಶಿವಪ್ರಕಾಶ. “ಆದ್ರ ಮಗ್ಗಲ ಮನಿಯವ್ರು ಮಗ್ಗಲ ಮನಿ ರೇಟೇ ಹೇಳ್ತಾರ. ಹೊರಗಿನವ್ರು ಏನ್ ಕೊಡ್ತಾರ ಅಂಬೋದು ಮೊದ್ಲ ನೋಡೂಣು.”

ಅವನಲ್ಲಿದ್ದ ದುರಾಸೆ ಇಷ್ಟೇ. ತೀರ ಸಣ್ಣದು, ಸಂಸಾರಸ್ಥನಿಗೆ ಇರಬೇಕಾದಷ್ಟೇ ಅಳತೆಯದು. ಆದರೆ ಅದೇ ವಾರ ಓಣಿಗೆ ಸಂಜುಕುಮಾರ ಬಂದ.

ಸಂಜುಕುಮಾರ ಎಂದರೆ ‘ಮನೆಮಾರ್ಗ’ ಎಂಬ ಮೊಬೈಲ್ ಆಪಿನ ಆಳಂದ–ಅಫಜಲಪುರ–ಜೇವರ್ಗಿ ತ್ರಿತಾಲೂಕು ವಲಯ ವ್ಯವಸ್ಥಾಪಕ. ಅಫಜಲಪುರದಲ್ಲಿ ಗೊಬ್ಬರದ ಅಂಗಡಿಯ ಮಾಳಿಗೆಯ ಮೇಲೆ ವಲಯ ಕಚೇರಿ. ನಮ್ಮ ಬಿಸಿಲಿನಲ್ಲಿಯೂ ಕೋಟು ತೊಟ್ಟು ಬಂದಿದ್ದ. ಅವನ ಶಿಸ್ತು ನೋಡಿ ನನಗೆ ಗೌರವ ಹುಟ್ಟಿತು.

“ಮನಿ ಮಾರೂದು ದೊಡ್ಡ ಮಾತಲ್ರಿ ಸರ್, ಮನಿ ಕಾಣಸ್ಬೇಕು,” ಎಂದು ಅವನು ಕಟ್ಟೆಯ ಮೇಲೆ ಕುಳಿತು ವಿವರಿಸಿದ. “ಪುಕ್ಕಟೆ ಹಾಕಿದ್ರ ನಿಮ್ಮ ಮನಿ ಸಾವಿರ ಮನಿ ಕೆಳಗ ಬೀಳ್ತದ. ಬೆಳ್ಳಿ ಪ್ಲಾನ್ ತಗೊಂಡ್ರ ಮ್ಯಾಲ ಬರ್ತದ.”

“ಆಳಂದದಾಗ ಸಾವಿರ ಮನಿ ಮಾರಾಕ ಅದಾವೇನ್ರಿ?” ಎಂದು ವಿದ್ಯಾವತಿ ಕೇಳಿದಳು.

“ಇಲ್ರಿ ಮೇಡಂ. ಬರ್ತಾವ. ಬಂದಾಗ ನೀವು ಕೆಳಗ ಇರಬಾರದಲ್ರಿ.”

ಶಿವಪ್ರಕಾಶ ಮೊಬೈಲಿನ ಮೇಲೆ ಬೆರಳೊತ್ತಿ ಒಪ್ಪಿಗೆ ಕೊಟ್ಟ. ಒಪ್ಪಿಗೆಯ ಶರತ್ತುಗಳನ್ನು ಇಡೀ ಓಣಿಯಲ್ಲಿ ಓದಿದವನು ನಾನೊಬ್ಬನೇ, ಅದೂ ಚಟಕ್ಕೆ. ಏಳನೆಯ ಶರತ್ತು ಬಹಳ ಚೊಕ್ಕವಾಗಿತ್ತು: ‘ಮಾರಾಟಗಾರರು ಸದರಿ ಸ್ವತ್ತಿನ ವಿಷಯವನ್ನು ಕಂಪನಿಯ ಮಾಧ್ಯಮದ ಹೊರಗೆ ಯಾವುದೇ ವ್ಯಕ್ತಿಯೊಂದಿಗೆ, ನೆರೆಹೊರೆಯವರನ್ನೂ ಒಳಗೊಂಡು, ಬಾಯಿಮಾತಿನಲ್ಲಾಗಲಿ ಸನ್ನೆಯಲ್ಲಾಗಲಿ ಪ್ರಸ್ತಾಪಿಸತಕ್ಕದ್ದಲ್ಲ.’ ‘ಸನ್ನೆಯಲ್ಲಾಗಲಿ’ ಎಂಬಲ್ಲಿಗೆ ಬಂದಾಗ ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ನಮ್ಮ ಕಚೇರಿಯಲ್ಲಿ ಯಾರಿಗೂ ಇಷ್ಟು ದೂರ ಹೊಳೆದಿರಲಿಲ್ಲ.

ಮರುದಿನ ಫೋಟೊ ತೆಗೆಯುವವರು ಬಂದರು. ಮನೆ ಚೆನ್ನಾಗಿದೆ, ಆದರೆ ಮನೆಯಂತೆ ಕಾಣುತ್ತಿದೆ ಎಂದು ಆಕ್ಷೇಪಿಸಿದರು. ಜೋಳದ ಚೀಲ, ಬಟ್ಟೆ ಒಣಹಾಕುವ ಹಗ್ಗ, ವಿಭೂತಿ ಗಟ್ಟಿ ಇಟ್ಟಿದ್ದ ಮಾಡ, ಎಲ್ಲ ಮರೆಯಾಗಬೇಕು ಎಂದರು. ಸೋಫಾ ಬೇಕೆಂದರು. ಸೋಫಾ ಇರಲಿಲ್ಲ. ಗೋಡೆಯಾಚೆ ಇತ್ತು. ವಿದ್ಯಾವತಿ ಕಿಂಡಿಗೆ ಮುಖವಿಟ್ಟು ಕೇಳಿದಳು: “ಆಪಾ, ನಿಮ್ಮ ಸೋಫಾ ಒಂದೀಟು ಬೇಕಾಗಿತ್ರಿ.”

“ತಗೊಂಡ್ ಹೋಗ ಬೇ. ಯಾಕ, ಬೀಗರು ಬರಾಕತ್ತಾರೇನು?”

ಏಳನೆಯ ಶರತ್ತಿನ ಪ್ರಕಾರ ವಿದ್ಯಾವತಿ ಉತ್ತರ ಕೊಡಲಿಲ್ಲ. ಆಪಾ ಸೋಫಾದ ಮೇಲಿನ ಬಟ್ಟೆಯ ಗಂಟು ಇಳಿಸಿ, ಹೊಸ ಹೊದಿಕೆ ಹಾಸಿ ಕಳಿಸಿಕೊಟ್ಟರು. ಆ ಸಂಜೆ ಅವರ ಮಗ ಅರ್ಫಾತ ತನ್ನ ಮೊಬೈಲಿನಲ್ಲಿ ಬಂದ ಜಾಹೀರಾತನ್ನು ತಾಯಿಗೆ ತೋರಿಸಿದ. ಅದು ಹೀಗಿತ್ತು:

‘ಆಳಂದದ ಹೃದಯಭಾಗದಲ್ಲಿ ಅಪೂರ್ವ ನಿವಾಸ. ಎರಡು ರಾಜ್ಯಗಳ ಸಂಪರ್ಕ. ಹಿತ್ತಲಲ್ಲಿ ಖಾಸಗಿ ಜಲಾಶಯ. ಶಹಾಬಾದಿ ಫರ್ಸಿಯ ತಂಪಾದ ನೆಲ. ಶಾಂತ ಸ್ವಭಾವದ ನೆರೆಹೊರೆ. ನೋಡಲು ತಪ್ಪದಿರಿ, ಕೊಳ್ಳಲು ತಡಮಾಡದಿರಿ.’

ಎರಡು ರಾಜ್ಯಗಳ ಸಂಪರ್ಕವೆಂದರೆ ಖಜೂರಿ ಊರಿನ ಮೇಲೆ ಹಾದು ಮಹಾರಾಷ್ಟ್ರಕ್ಕೆ ಹೋಗುವ ರಸ್ತೆ. ಖಾಸಗಿ ಜಲಾಶಯವೆಂದರೆ ನೀರಿನ ಟಾಕಿ. ಶಾಂತ ಸ್ವಭಾವದ ನೆರೆಹೊರೆ ಎಂದರೆ ಸ್ವತಃ ಆಪಾ. ಅವರು ಚಿತ್ರದಲ್ಲಿ ತಮ್ಮ ಸೋಫಾ ನೋಡಿದರು, ಅದರ ಹಿಂದೆ ತಮ್ಮದೂ ಆದ ಗೋಡೆ ನೋಡಿದರು, ಮೊಬೈಲು ಮಗನ ಕೈಗೆ ಕೊಟ್ಟು ಹೊಲಿಗೆಗೆ ಕುಳಿತರು. ತಮ್ಮನ್ನು ಯಾರೂ ಕೇಳದೆ ತಾವಾಗಿ ಕೇಳಿಕೊಂಡು ಹೋಗುವವರಲ್ಲ ಅವರು. ಇಜ್ಜತಿನ ಹೆಂಗಸು.

ಬೆಳ್ಳಿ ಪ್ಲಾನಿನ ಪರಿಣಾಮ ಕೂಡಲೇ ಕಾಣಿಸಿತು. ಶಿವಪ್ರಕಾಶನಿಗೆ ದಿನವಿಡೀ ಫೋನು. ಮನೆ ಸಾಲ ಬೇಕೇ ಎಂದು ಒಬ್ಬರು, ಬಣ್ಣ ಬಳಿಯಬೇಕೇ ಎಂದು ಒಬ್ಬರು. ಮಾರಿದ ಮೇಲೆ ಬರುವ ದುಡ್ಡನ್ನು ಎಲ್ಲಿಡುತ್ತೀರಿ ಎಂದು ಬಹಳ ಕಾಳಜಿಯಿಂದ ಕೇಳಿದವರೂ ಇದ್ದರು. ಇನ್ನೊಂದು ಆಪಿನವರು ಫೋನು ಮಾಡಿ, ಮನೆಮಾರ್ಗದಲ್ಲಿ ನಿಮ್ಮ ಮನೆ ನೋಡಿದೆವು, ಬಹಳ ಚೆನ್ನಾಗಿದೆ, ನಮ್ಮಲ್ಲೂ ಹಾಕಿ ಎಂದರು. ಕೊಳ್ಳುವ ಮಾತು ಯಾರೂ ಎತ್ತಲಿಲ್ಲ. ಸಂಜುಕುಮಾರ ಇದನ್ನು ‘ಆಸಕ್ತಿಯ ಮೊದಲ ಅಲೆ’ ಎಂದು ಕರೆದ.

ಎರಡನೆಯ ಅಲೆಯಲ್ಲಿ ನಿಜವಾದ ಗಿರಾಕಿಯೇ ಬಂದರು. ಖಜೂರಿಯ ದೊಡ್ಡಪ್ಪ ಎಂಬ ಹೊಲಮನೆಯ ಕುಳ, ಎರಡು ಲಾರಿಗಳ ಧಣಿ. ಬಂದವರು ತೊಲೆ ತಟ್ಟಿ ನೋಡಿದರು, ಫರ್ಸಿಯ ಮೇಲೆ ಹಿಮ್ಮಡಿ ಊರಿ ನೋಡಿದರು, ಟಾಕಿಯ ನೀರು ಬಾಯಿಗೆ ಹಾಕಿಕೊಂಡು ನೋಡಿದರು. ಮುಖ ಅರಳಿತ್ತು. ಚಹಾ ಕುಡಿದರು. ಹೊರಗೆ ಬಂದು ಮೆಟ್ಟು ಹಾಕಿಕೊಂಡವರು ನೆಟ್ಟಗೆ ಮಗ್ಗುಲ ಬಾಗಿಲಿಗೆ ಹೋದರು.

“ಅಮ್ಮಾ, ಈ ಮನಿ ಕೊಡಾಕತ್ತಾರಂತ. ನಿಮಗ ಕೇಳ್ಯಾರೇನ್ರಿ?”

ಆಪಾ ಹೊಲಿಗೆ ಯಂತ್ರದಿಂದ ತಲೆಯೆತ್ತದೆ ಹೇಳಿದರು: “ಸೋಫಾ ಕೇಳ್ಯಾರಪ್ಪ. ಮನಿ ಕೇಳಿಲ್ಲ.”

ದೊಡ್ಡಪ್ಪ ತಲೆಯ ಪಟಗ ಸರಿಮಾಡಿಕೊಂಡರು. ಶಿವಪ್ರಕಾಶನ ಕಡೆ ತಿರುಗಿ, “ವಿಚಾರ ಮಾಡಿ ಹೇಳ್ತೇವ್ರಿ,” ಎಂದು ಹೊರಟುಹೋದರು. ಗೋಡೆಯವರನ್ನು ಬಿಟ್ಟು ಕೊಂಡರೆ ನಾಳೆ ಆ ಗೋಡೆಗೆ ಬೆನ್ನು ಕೊಟ್ಟು ಕೂಡುವುದು ಹೇಗೆ? ಇದನ್ನು ಬಾಯಿಬಿಟ್ಟು ಹೇಳುವುದು ಮಾರುವವನ ಮುಖಕ್ಕೆ ಹೊಡೆದ ಹಾಗೆ, ಅದಕ್ಕೇ ಯಾರೂ ಹೇಳುವುದಿಲ್ಲ.

ಆಮೇಲೆ ನರೋಣಾದಿಂದ ಚಂದ್ರಾಮಪ್ಪ ಮತ್ತು ಗುರಮ್ಮ ಎಂಬ ದಂಪತಿ ಬಂದರು. ಗುರಮ್ಮ ಒಲೆಯ ಮುಂದೆ ಕುಳಿತು, ಗಾಳಿ ಯಾವ ಕಡೆಯದು ಎಂದು ನೋಡಿಯೂ ಆಯಿತು. ನಂತರ ಇಬ್ಬರೂ ಮಗ್ಗುಲ ಬಾಗಿಲಿಗೆ ಹೋದರು. ಬಂದು, “ವಿಚಾರ ಮಾಡಿ ಹೇಳ್ತೇವ್ರಿ,” ಎಂದರು. ಬಂದವರೆಲ್ಲ ಹೀಗೆಯೇ ವಿಚಾರವಂತರಾಗಿ ಹೋದರು.

ಶಿವಪ್ರಕಾಶ ಅಫಜಲಪುರದ ವಲಯ ಕಚೇರಿಗೆ ಫೋನು ಹಚ್ಚಿದ. ಸಂಜುಕುಮಾರ ಕೋಟು ತೊಟ್ಟು ಬಂದು, ತೊಂದರೆಯನ್ನು ಪರಾಮರ್ಶಿಸಿ, ಮನೆ ಸಾಕಷ್ಟು ಕಾಣುತ್ತಿಲ್ಲ ಎಂದು ತೀರ್ಪು ಕೊಟ್ಟ.

“ಕಣ್ಣಾರೆ ಬಂದು ನೋಡ್ಯಾರಲ್ಲೋ ಮಾರಾಯಾ! ನೀರು ಕುಡದು ಹೋಗ್ಯಾರ!” ಎಂದು ಶಿವಪ್ರಕಾಶ ರೇಗಿದ.

“ಕಣ್ಣಾರೆ ನೋಡೂದು ಬ್ಯಾರೆ, ಕಾಣೂದು ಬ್ಯಾರೆ ಸರ್. ಬಂಗಾರ ಪ್ಲಾನ್ ತಗೋರಿ. ಇಲ್ಲಿ ನೋಡ್ರಿ, ನಿಮ್ಮ ಮನಿಗಿ ದಿನಾ ಸಂಜಿಗಿ ಯಾರೋ ಬಂದು ಫೋಟೊ ನೋಡಿ ನೋಡಿ ಹೋಗಾಕತ್ತಾರ. ಇಂಥಾ ಖಾಯಂ ಆಸಕ್ತಿ ಮೂರೂ ತಾಲೂಕಿನಾಗ ಯಾ ಮನಿಗೂ ಇಲ್ಲ.”

ಆಪಿನಲ್ಲಿ ಅದು ನಿಜವಾಗಿಯೂ ಕಾಣುತ್ತಿತ್ತು. ಯಾರೋ ಒಬ್ಬರು ದಿನವೂ ಸಂಜೆ ಬಂದು ಒಂದೇ ಚಿತ್ರವನ್ನು ಬಹಳ ಹೊತ್ತು ನೋಡುತ್ತಿದ್ದರು. ಸೋಫಾದ ಚಿತ್ರ. ಶಿವಪ್ರಕಾಶನ ಕಣ್ಣು ಮಿಂಚಿತು. ಬಂಗಾರ ತೆಗೆದುಕೊಂಡ. ಬಂಗಾರದಲ್ಲಿ ಮನೆಯ ಸುತ್ತ ಹಳದಿ ಚೌಕಟ್ಟು ಬಂತು. ಆಮೇಲೆ ವಜ್ರ ತೆಗೆದುಕೊಂಡ. ವಜ್ರದಲ್ಲಿ ಚೌಕಟ್ಟು ಮಿನುಗತೊಡಗಿತು. ಜೇವರ್ಗಿಯ ಮನೆಗೆ ಮುಂಗಡ ಕೊಡಲೆಂದು ವಿದ್ಯಾವತಿ ಸಂಬಳದಲ್ಲಿ ಹಿಡಿದಿಟ್ಟ ಗಂಟು ಹೀಗೆ ಚೌಕಟ್ಟಿಗೆ ಹೋಯಿತು. ಅವಳು ಕಟ್ಟೆಯ ಮೇಲೆ ಕೂಡುವ ಹೊತ್ತು ದಿನದಿನಕ್ಕೆ ಹೆಚ್ಚಾಯಿತು.

“ರೀ, ನಾ ಒಂದ್ ಮಾತು ಹೇಳ್ಲಿ?” ಎಂದಳು ಒಂದು ಸಂಜೆ, ಸೊಂಟ ಹಿಡಿದುಕೊಂಡೇ. “ಕಿಂಡಿ ಅಲ್ಲೇ ಅದ. ಆಪಾ ಅಲ್ಲೇ ಅದಾರ. ನಾ ಹೋಗಿ ಕೇಳ್ತೇನಿ. ಮುಗೀತದ.”

“ವಜ್ರದಾಗ ಅದೀವಿ ಈಗ! ಏಳನೇ ಶರತ್ತು ಮುರದ್ರ ಕಟ್ಟಿದ್ದೆಲ್ಲಾ ಹೋಗ್ತದ. ಅದಕ್ಕ ಮತ್ತ ದಂಡ ಬ್ಯಾರೆ.”

ನಾನು ಎದುರು ಕಟ್ಟೆಯಿಂದ, ದಂಡದ ವಿವರ ಹದಿನಾಲ್ಕನೆಯ ಶರತ್ತಿನಲ್ಲಿದೆ ಎಂದು ತಿಳಿಸಿದೆ. ವಿದ್ಯಾವತಿ ನನ್ನ ಕಡೆ ನೋಡಿದಳು. ಆ ನೋಟದಲ್ಲಿ ಕೃತಜ್ಞತೆ ಇದ್ದಂತೆ ತೋರಲಿಲ್ಲ.

ಮಹಾನವಮಿ ಕಳೆದು ಬನ್ನಿ ಕೊಟ್ಟು ತೆಗೆದುಕೊಂಡದ್ದಾಯಿತು. ದೀಪಾವಳಿ ಹತ್ತಿರವಾಯಿತು. ಆಗ ಸಂಜುಕುಮಾರ ಬಾದಶಾಹಿ ಪ್ಲಾನಿನ ವಿಷಯ ಹೊರಗೆ ತೆಗೆದ. ಇದು ಎಲ್ಲರಿಗೂ ಕೊಡುವಂಥದಲ್ಲ, ಮನೆ ಮಾರಾಟವಾಗದೆ ಇರುವುದರಲ್ಲಿ ವಿಶೇಷ ಅನುಭವ ಪಡೆದವರಿಗೆ ಮಾತ್ರ. ಇದರಲ್ಲಿ ಕಂಪನಿಯು ತನ್ನ ದೊಡ್ಡ ಕಂಪ್ಯೂಟರುಗಳನ್ನು ಹಚ್ಚಿ, ಈ ಭೂಮಂಡಲದಲ್ಲಿ ಸದರಿ ಮನೆಯನ್ನು ಕೊಳ್ಳಬಹುದಾದ ಅತ್ಯಂತ ಸಂಭಾವ್ಯ ವ್ಯಕ್ತಿಯನ್ನು ಹುಡುಕಿಕೊಡುತ್ತದೆ. ಶಿವಪ್ರಕಾಶ ಅಂಗಡಿಯಲ್ಲಿದ್ದ ತಾಮ್ರದ ತಂತಿಯ ಸುರುಳಿಗಳನ್ನು ಮಾರಿ ಬಾದಶಹನಾದ.

ವಾರದೊಳಗೆ ಸಂಜುಕುಮಾರ ಪೇಡೆ ತೆಗೆದುಕೊಂಡು ಬಂದ. “ಸಿಕ್ಕಾರ್ರಿ ಸರ್! ಒಂದೇ ಒಂದು ಹೆಸರು ಬಂದದ. ಇಡೀ ಹಂಗಾಮಿನಾಗ ನಿಮ್ಮ ಮನಿ ಬಿಟ್ಟು ಬ್ಯಾರೆ ಮನಿ ನೋಡೇ ಇಲ್ಲ. ದೂರ ಅಂತೂ ಭಾಳ ಕಮ್ಮಿ ಅದ. ಕಂಪ್ಯೂಟರ್ ಹೇಳೂ ಪ್ರಕಾರ ದೂರ ಸೊನ್ನೆ.”

ಓಣಿಯವರೆಲ್ಲ ಕಟ್ಟೆಯ ಸುತ್ತ ಕೂಡಿದರು. ಅವನು ಮೊಬೈಲು ನೋಡಿ ಗಂಭೀರವಾಗಿ ಓದಿದ: “ವಜೀರುನ್ನಿಸಾ, ಆಳಂದ.”

ಗೋಡೆಯಾಚೆ ಹೊಲಿಗೆ ಯಂತ್ರ ನಿಂತಿತು. ಅರ್ಫಾತ ಹಾಕಿಕೊಟ್ಟಿದ್ದ ಆಪಿನಲ್ಲಿ ಆಪಾ ದಿನವೂ ಸಂಜೆಯ ನಮಾಜು ಮುಗಿಸಿ ಆ ಚಿತ್ರ ನೋಡುತ್ತಿದ್ದರು. ಇಂದಾದರೂ ಕೇಳಿರಬಹುದೇ, ಈ ಮೊಬೈಲಿನಲ್ಲಾದರೂ ಒಂದು ಮಾತು ಬಂದಿರಬಹುದೇ ಎಂದು. ಶಿವಪ್ರಕಾಶನನ್ನು ಬೆಳ್ಳಿಯಿಂದ ಬಂಗಾರಕ್ಕೆ, ಬಂಗಾರದಿಂದ ವಜ್ರಕ್ಕೆ ಏರಿಸಿದ ಆ ಖಾಯಂ ಆಸಕ್ತಿ ಅವರದೇ ಆಗಿತ್ತು.

ವಿದ್ಯಾವತಿ ನಗಲು ಹೋಗಿ ಕಣ್ಣೊರೆಸಿಕೊಂಡಳು. ಕಿಂಡಿಯ ಕಡೆ ಓಡಿ, “ಆಪಾ...” ಎಂದಳು ಅಷ್ಟೇ. ಸಂಜುಕುಮಾರ ಅಡ್ಡ ಬಂದ.

“ಮೇಡಂ, ಮೇಡಂ! ಈಗ ಅವರು ನೆರಿಮನಿಯವರಲ್ಲ. ಗುರುತಿಸಲ್ಪಟ್ಟ ಖರೀದಿದಾರರು. ಮಾತು ಆಪಿನಾಗೇ ಆಗಬೇಕು. ಈ ಕಿಂಡಿ ಕಂಪನಿ ಮಾಧ್ಯಮ ಅಲ್ರಿ.”

ಅವನು ಹೇಳಿದ್ದು ನಿಯಮದ ಪ್ರಕಾರ ಸರಿಯಾಗಿತ್ತು. ಕಿಂಡಿ ಮುಚ್ಚಬೇಕೆ ಬೇಡವೆ ಎಂಬ ಬಗ್ಗೆ ಚರ್ಚೆಯಾಗಿ, ಆಹಾರ ಪದಾರ್ಥಗಳಿಗೆ ವಿನಾಯಿತಿ ಕೊಡಲಾಯಿತು. ಬಟ್ಟಲು ದಾಟಬಹುದು, ಶಬ್ದ ದಾಟಬಾರದು. ಇದನ್ನು ನೋಡಿಕೊಳ್ಳಲು ಒಬ್ಬ ಅನುಭವಿಯ ಅಗತ್ಯವಿತ್ತು. ನನ್ನನ್ನು ಗೌರವ ವೀಕ್ಷಕನಾಗಿ ನೇಮಿಸಿದರು. ನಿವೃತ್ತಿಯ ನಂತರ ನನಗೆ ಸಿಕ್ಕ ಮೊದಲ ಹುದ್ದೆ. ಒಗೆದು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಿಂಡಿಯ ಪಕ್ಕ ಕುರ್ಚಿ ಹಾಕಿಕೊಂಡು ಕುಳಿತೆ.

ಶಿವಪ್ರಕಾಶ ಆಪಿನಲ್ಲಿ ಸಂದೇಶ ಬರೆದ: ‘ಆಪಾ, ನಮ್ಮ ಮನಿ ನೀವು ತಗೋತೀರೇನ್ರಿ?’ ಗೋಡೆಯಾಚೆ ಆಪಾರ ಮೊಬೈಲು ಟಣ್ ಎಂದದ್ದು ನಮಗೆಲ್ಲ ಕೇಳಿಸಿತು. ಅದರಲ್ಲಿ ಮೂಡಿದ್ದು ಇಷ್ಟು: ‘ನಿಮಗೊಂದು ಸಂದೇಶ ಬಂದಿದೆ. ಓದಲು ಖರೀದಿದಾರರ ಪ್ಲಾನ್ ಪಡೆಯಿರಿ.’

ಆಪಾ ಬಾಗಿಲಿಗೆ ಬಂದು ನಿಂತು ಸಂಜುಕುಮಾರನನ್ನು ಕರೆದರು. “ಅಲ್ಲಪ್ಪಾ, ಅವ ಗ್ವಾಡಿ ಆಚಿ ಕುಂತಾನ. ಕೆಮ್ಮಿದ್ರ ನನಗ ಕೇಳಸ್ತದ. ಅವ ಏನ್ ಅಂದಾನ ಅಂತ ಓದಾಕ ನಾ ರೊಕ್ಕ ಕೊಡಬೇಕೇನು?”

“ಕೆಮ್ಮಿದ್ದು ದಾಖಲಾಗಂಗಿಲ್ರಿ ಅಮ್ಮಾ.”

“ದಾಖಲಾ ಯಾಕೋ? ಹೂಂ ಅನ್ನಾಕ ಬಾಯಿ ಸಾಕಾಗಂಗಿಲ್ಲೇನು?”

“ಬಾಯಿ ಉಪಯೋಗಿಸ್ರಿ ಅಮ್ಮಾ, ಅಡ್ಡಿಯಿಲ್ಲ. ಆಪಿನಾಗ ಧ್ವನಿ ಸಂದೇಶ ಅದ. ಅದಕ್ಕ ಬ್ಯಾರೆ ಪ್ಲಾನು.”

ಆಪಾ ಅವನನ್ನು ಕಾಲಿನಿಂದ ಕೋಟಿನವರೆಗೆ ನೋಡಿದರು. ನಮ್ಮ ಓಣಿಯಲ್ಲಿ ಅವರ ಬಾಯಿಗೆ ಪೊಲೀಸರೂ ಹೆದರುತ್ತಾರೆ. ಆದರೆ ವಿದ್ಯಾವತಿ ಆಚೆ ಕಟ್ಟೆಯ ಮೇಲೆ ಸೊಂಟ ಹಿಡಿದುಕೊಂಡು ಕುಳಿತದ್ದು ಅವರಿಗೆ ಕಾಣಿಸಿತು. “ಆ ಪೋರಿ ಸಲುವಾಗಿ ಕೊಡಾಕತ್ತೇನಿ, ನಿನ್ನ ಸಲುವಾಗಿ ಅಲ್ಲ,” ಎಂದು ಅರ್ಫಾತನಿಗೆ ಹೇಳಿ ದುಡ್ಡು ಕಟ್ಟಿಸಿದರು. ಸಂದೇಶ ತೆರೆಯಿತು. ಓದಿದರು. ಕಿಂಡಿಯ ಕಡೆ ತಿರುಗಿ ಬಾಯಿ ತೆರೆದವರು ನನ್ನ ಮುಖ ಕಂಡು ಮುಚ್ಚಿಕೊಂಡು, ಒಂದು ಬಟ್ಟಲು ಬದನೆಕಾಯಿ ಪಲ್ಯ ದಾಟಿಸಿದರು. ನಾನು ಮುಚ್ಚಳ ತೆಗೆದು ಪರಿಶೀಲಿಸಿ ಬಿಟ್ಟುಕೊಟ್ಟೆ. ಅದು ಹೂಂ ಎಂದು ಎಲ್ಲರಿಗೂ ಗೊತ್ತಾಗಿತ್ತು, ಆದರೆ ಪಲ್ಯಕ್ಕೆ ವಿನಾಯಿತಿ ಇತ್ತು.

ಇಲ್ಲಿಗೆ ಮುಗಿಯಿತೆಂದು ತಿಳಿದವರಿಗೆ ನಿಯಮದ ಪರಿಚಯವಿಲ್ಲ. ಖರೀದಿದಾರರು ಸ್ವತ್ತನ್ನು ಸಮಕ್ಷಮ ನೋಡಬೇಕು, ತೋರಿಸುವವರು ವಲಯ ವ್ಯವಸ್ಥಾಪಕರೇ ಆಗಿರಬೇಕು. ಶಿವಪ್ರಕಾಶನ ಮದುವೆಯಲ್ಲಿ ಇದೇ ಮನೆಯ ಹಿತ್ತಲಲ್ಲಿ ಕುಳಿತು ಉಳ್ಳಾಗಡ್ಡಿ ಹೆಚ್ಚಿದ್ದ ಆಪಾ, ಬುರ್ಖಾ ಹಾಕಿಕೊಂಡು ಮುಂಬಾಗಿಲಿನಿಂದ ಹೊಸಬರಂತೆ ಬಂದರು.

“ಇದು ನೋಡ್ರಿ ಅಮ್ಮಾ, ಪಡುವಲ ಗ್ವಾಡಿ. ಭಾಳ ಗಟ್ಟಿ ಅದ.”

“ಗಟ್ಟಿ ಅದಪ್ಪ. ಅದರ ಆಚಿ ಮಗ್ಗಲಿಗೆ ನಾನೇ ಸಿಮೆಂಟ್ ಗಿಲಾಯಿ ಮಾಡ್ಸೇನಿ.”

“ಇದು ಖಾಸಗಿ ಜಲಾಶಯ.”

“ಇದರಾಗ ನನ್ನ ಅರ್ಫಾತ ಸಣ್ಣಂವಿದ್ದಾಗ ಬಿದ್ದಿದ್ದ. ಶಿವಪ್ರಕಾಶನೇ ತಗದಿದ್ದ.”

ಸಂಜುಕುಮಾರ ‘ಖರೀದಿದಾರರಿಗೆ ತೃಪ್ತಿಯಾಗಿದೆ’ ಎಂಬಲ್ಲಿ ಒತ್ತಿದ. ತೃಪ್ತಿಯಾದ ಮೇಲೆ ಮರುಚಿಂತನೆಯ ಅವಧಿ ಇರುತ್ತದೆ. ಅವಸರದಲ್ಲಿ ಕೊಂಡು ಮೋಸಹೋಗಬಾರದೆಂಬ ಒಳ್ಳೆಯ ಉದ್ದೇಶದಿಂದ ಮಾಡಿದ್ದು. ಆ ಅವಧಿಯಲ್ಲಿ ಎರಡೂ ಕಡೆಯವರು ಒಬ್ಬರನ್ನೊಬ್ಬರು ಪ್ರಭಾವಿಸಕೂಡದು. ನರಕ ಚತುರ್ದಶಿ ಬಂತು, ಅಮಾವಾಸ್ಯೆ ಬಂತು. ಕಿಂಡಿಯಲ್ಲಿ ಹೋಳಿಗೆ ದಾಟಿತು, ಮಾತಿಲ್ಲದೆ. ಆ ವರ್ಷದ ಹೋಳಿಗೆಯನ್ನು ಆಪಾ ತಿಂದರೋ ಇಲ್ಲವೋ ಗೊತ್ತಿಲ್ಲ, ಬಟ್ಟಲು ತೊಳೆದು ವಾಪಸು ಕಳಿಸಿದ್ದರು. ಗೋಡೆಯ ಈ ಕಡೆ ಒಬ್ಬಳು ಮೂಗು ಸೀಟಿದ್ದು ನನಗೆ ಕೇಳಿಸಿತು, ಆ ಕಡೆ ಒಬ್ಬರು ಸೀಟಿದ್ದೂ ಕೇಳಿಸಿತು. ಸೀಟುವುದು ಮಾತಿನಲ್ಲಿ ಬರುತ್ತದೆಯೇ ಎಂದು ಶರತ್ತುಗಳನ್ನು ತಿರುವಿ ನೋಡಿದೆ. ಸ್ಪಷ್ಟತೆ ಇರಲಿಲ್ಲ.

ಪಾಡ್ಯ ಕಳೆಯಿತು. ಅದರ ಮರುದಿನ ಜೇವರ್ಗಿಯಿಂದ ಶಾಂತಕುಮಾರರು ಫೋನು ಮಾಡಿದರು. ವಿದ್ಯಾವತಿ ಕಟ್ಟೆಯ ಮೇಲೆಯೇ ಫೋನನ್ನು ಸ್ಪೀಕರಿಗೆ ಹಾಕಿದ್ದಳು, ಮಾತು ನನಗೂ ಕೇಳುತ್ತಿತ್ತು.

“ಟೀಚರ್, ಪಾಡ್ಯ ಮುಗೀತು. ನಿಮ್ಮ ಫೋನ್ ಬರ್ಲಿಲ್ಲ. ಮಗ್ಗಲ ಮನಿಯವ್ರಿಗಿ ಕೇಳಿದ್ಯಾ. ಹೂಂ ಅಂದ್ರು. ಅಲ್ಲೇ ಎಲಿ-ಅಡಿಕಿ ಹಿಡದ್ವಿ. ಚಹಾ ಆರಿರಲಿಲ್ಲ ನೋಡ್ರಿ, ಅಷ್ಟರಾಗ ಆತು. ಮನಸ್ಸಿನ್ಯಾಗ ಇಟ್ಕೋಬ್ಯಾಡ್ರಿ.”

“ಇಲ್ರಿ ಸರ್. ನೀವು ಮಾತಿನಂತ ನಡಕೊಂಡೀರಿ,” ಎಂದಳು ವಿದ್ಯಾವತಿ. ಫೋನು ಮಡಿಲಲ್ಲಿಟ್ಟುಕೊಂಡು, ಚಪ್ಪಲಿ ಬಿಚ್ಚದೆ ಹಾಗೇ ಕುಳಿತಳು. ಆಗ ನಾನು ಎದ್ದು ನಮ್ಮ ಮನೆಯೊಳಗೆ ಹೋದೆ. ವೀಕ್ಷಕನಾದವನು ನೋಡಲೇಬೇಕೆಂಬ ನಿಯಮ ಎಲ್ಲೂ ಇಲ್ಲ.

ಕೆಲದಿನಗಳ ನಂತರ ಮರುಚಿಂತನೆ ಮುಗಿದು ಮಾರಾಟ ಪೂರ್ಣವಾಯಿತು. ಆಪಾ ಕೊಟ್ಟದ್ದು ಮಗ್ಗುಲ ಮನೆಯ ಬೆಲೆಯೇ, ನಾಲ್ಕು ಪ್ಲಾನುಗಳ ದುಡ್ಡು ಮಾತ್ರ ಅದರಲ್ಲಿ ಸೇರಿರಲಿಲ್ಲ. ಅದನ್ನು ಕಳೆದು ಉಳಿದಿದ್ದರಲ್ಲಿ ಜೇವರ್ಗಿಯಲ್ಲಿ ಮನೆಯಂಥದು ಏನೂ ಸಿಗುವಂತಿರಲಿಲ್ಲ, ಸುಟ್ಟ ಮೋಟಾರುಗಳಿಗೆ ಸುತ್ತಲು ತಂತಿಯೂ ಇರಲಿಲ್ಲ. ಗಂಡಹೆಂಡತಿ ಗಂಟುಮೂಟೆ ಕಟ್ಟಿಕೊಂಡು ಅಂಗಳದಲ್ಲಿ ನಿಂತಾಗ ಆಪಾ ಬಂದರು. ಮಾರಾಟವಾಗಿದ್ದರಿಂದ ಈಗ ಮಾತಿಗೆ ತಡೆಯಿರಲಿಲ್ಲ.

“ಎಲ್ಲಿಗಿ ಹೊಂಟೀ ಬೇ ವಿದ್ಯಾ? ಹಿಂದಿನ ಖೋಲಿ ನನಗ ಸಾಕು ಹೊಲಗಿಗಿ. ಮುಂದಿನದ್ರಾಗ ನೀವೇ ಇರ್ರಿ. ಬಾಡಿಗಿ ಕೈಲಾದಷ್ಟು ಕೊಡು.”

ಸಂಜುಕುಮಾರ ಕೆಮ್ಮಿದ. ಬಾಡಿಗೆ ವಿಭಾಗ ಬೇರೆ ಎಂದೂ, ಒಮ್ಮೆ ಮನೆಮಾರ್ಗದಲ್ಲಿ ಮಾರಾಟವಾದ ಮನೆಯನ್ನು ಮನೆಮಾರ್ಗದಲ್ಲಿಯೇ ಬಾಡಿಗೆಗೆ ಕೊಡತಕ್ಕದ್ದೆಂದೂ, ಬಾಡಿಗೆದಾರರಿಗೆ ಆರಂಭಿಕ ರಿಯಾಯಿತಿ ಇದೆ ಎಂದೂ ಸ್ಪಷ್ಟಪಡಿಸಿದ. ಯಾರಿಗೂ ಜಗಳಾಡುವ ತ್ರಾಣವಿರಲಿಲ್ಲ. ಎರಡೂ ಕಡೆಯವರು ಬೆರಳೊತ್ತಿದರು. ಗಂಟುಗಳು ಅಂಗಳದಿಂದ ಒಳಕ್ಕೆ ಹೋದವು.

ಕಂಪನಿಯು ಇದನ್ನು ‘ಒಂದೇ ಮನೆ, ಎರಡು ಯಶಸ್ಸು’ ಎಂದು ಘೋಷಿಸಿ, ಅಫಜಲಪುರದ ಕಲ್ಯಾಣ ಮಂಟಪದಲ್ಲಿ ಸಮಾರಂಭ ಇಟ್ಟುಕೊಂಡಿತು. ಮೂರೂ ತಾಲೂಕಿನವರು ಬಂದಿದ್ದರು. ಶಿವಪ್ರಕಾಶನಿಗೆ ಶಾಲು, ಹಾರ. ಆಪಾಗೆ ಹಣ್ಣಿನ ಬುಟ್ಟಿ. ನನಗೂ ಒಂದು ಶಾಲು ಬಂತು, ಬಣ್ಣ ಬಿಡುತ್ತದೆ. ಖಜೂರಿಯ ದೊಡ್ಡಪ್ಪನವರು ಸಭೆಯಲ್ಲಿ ಎದ್ದು ನಿಂತು ನೇರವಾಗಿ ಕೇಳಿದರು: “ಟೀಚರ್, ನೀವು ಓದಿದವ್ರು. ಖರೆ ಹೇಳ್ರಿ. ರೊಕ್ಕ ಕಟ್ಟಿ ಆಪಿನಾಗ ಹಾಕಿದ್ರ ಮನಿ ಮಾರ್ತದೇನ್ರಿ?”

ವಿದ್ಯಾವತಿ ಎದ್ದು ಮೈಕಿನ ಮುಂದೆ ಬಂದಳು.

“ಮಾರ್ತದ್ರಿ. ನಮ್ಮದು ಮಾರೇದ. ಅದರಾಗೇ ಅದೀವಿ ನಾವು.”

ಚಪ್ಪಾಳೆ ಬಿತ್ತು. ದೊಡ್ಡಪ್ಪನವರು ಖಜೂರಿಯ ತಮ್ಮ ಮನೆ ಮಾರಲು ಅಲ್ಲಿಯೇ ಬೆಳ್ಳಿ ಪ್ಲಾನು ಕೊಂಡರು. ಅಂದಿನಿಂದ ಕಂಪನಿಯು ‘ಮಗ್ಗುಲ ಮನೆ ಸೇವೆ’ ಎಂಬ ಹೊಸ ಸೌಲಭ್ಯವನ್ನು ಆರಂಭಿಸಿದೆ. ಮಾರುವವರ ಪರವಾಗಿ, ಗೋಡೆ ಹಂಚಿಕೊಂಡವರನ್ನು ಕಂಪನಿಯೇ ಆಪಿನ ಮೂಲಕ ಕೇಳುತ್ತದೆ. ರಿವಾಜು ಉಳಿಯಿತೆಂದು ಹಿರಿಯರಿಗೆ ಸಮಾಧಾನ. ಈಗ ಮೂರೂ ತಾಲೂಕಿನಲ್ಲಿ ಬಾಯಿಮಾತಿನಲ್ಲಿ ಕೇಳುವುದನ್ನು ಜನ ಸ್ವಲ್ಪ ಅಗೌರವವೆಂದೇ ತಿಳಿಯುತ್ತಾರೆ. “ಆಪಿನಾಗ ಕೇಳ್ಯಾರೇನ್ರಿ?” ಎಂದು ವಿಚಾರಿಸುತ್ತಾರೆ.

ವಿದ್ಯಾವತಿ ಈಗಲೂ ಕೋಳಿ ಕೂಗುವ ಮುಂಚೆ ಹೊರಡುತ್ತಾಳೆ. ಎರಡು ಬಸ್ಸು, ಒಂದು ಟಂಟಂ. ಜೇವರ್ಗಿಯಲ್ಲಿ ಆ ಬೇವಿನ ಮರದ ಕೆಳಗೇ ಇಳಿದು ಹತ್ತಬೇಕು. ಆ ಮನೆಯ ಕಡೆ ನೋಡುವುದಿಲ್ಲವಂತೆ. ಸಂಜೆ ಬಂದು ಕಟ್ಟೆಯ ಮೇಲೆ ಕೂಡುತ್ತಾಳೆ, ಈಗ ಬಾಡಿಗೆಯ ಕಟ್ಟೆ.

ಮೊನ್ನೆ ಹೀಗೆಯೇ ಕುಳಿತಿದ್ದಾಗ ಅವಳ ಮೊಬೈಲು ಟಣ್ ಎಂದಿತು. ‘ನಿಮ್ಮ ಮನೆಯ ಮಾಲಕರಿಂದ ಒಂದು ಸಂದೇಶ ಬಂದಿದೆ. ನಿಮ್ಮ ರಿಯಾಯಿತಿ ಅವಧಿ ಮುಗಿದಿದೆ. ಓದಲು ನವೀಕರಿಸಿ.’ ಕಿಂಡಿಯ ಆಚೆ ಆಪಾ ಮೊಬೈಲು ಹಿಡಿದುಕೊಂಡು ನಿಂತಿರುವುದು ನನ್ನ ವೀಕ್ಷಕ ಕುರ್ಚಿಯಿಂದಲೇ ಕಾಣುತ್ತಿತ್ತು. ಬಾಡಿಗೆ ಒಪ್ಪಂದದಲ್ಲಿಯೂ ಏಳನೆಯ ಶರತ್ತು ಇದೆ: ಮಾಲಕರೂ ಬಾಡಿಗೆದಾರರೂ ಆಪಿನ ಹೊರಗೆ ಮಾತಾಡತಕ್ಕದ್ದಲ್ಲ.

ಶಿವಪ್ರಕಾಶ ಅಂಗಡಿಯಿಂದ ಬಂದು ದುಡ್ಡು ಕಟ್ಟಿದ. ಸಂದೇಶ ತೆರೆಯಿತು. ವಿದ್ಯಾವತಿ ಓದಿ, ಕಣ್ಣು ಮುಚ್ಚಿ, ಮತ್ತೆ ಓದಿದಳು.

‘ದಣದೀ ಬೇ. ಉಂಡ್ಯೇನು?’

ಇಬ್ಬರ ನಡುವೆ ಇದ್ದದ್ದು ಅದೇ ಹಳೆಯ ಗೋಡೆ. ವಿದ್ಯಾವತಿ ಬೆರಳಿನಿಂದ ‘ಹೂಂ ಆಪಾ’ ಎಂದು ಒತ್ತಿದಳು. ಗೋಡೆಯಾಚೆ ಟಣ್ ಎಂದಿತು. ಸಂದೇಶ ತಲುಪಿರುವುದನ್ನು ವೀಕ್ಷಕನಾದ ನಾನು ದೃಢೀಕರಿಸಿರುತ್ತೇನೆ.